ಜ್ವರದಿಂದ ಸಕ್ಕರೆ ಕಾಯಿಲೆ ಬರುತ್ತದೆಯೇ?

ಪ್ರಶ್ನೆ: ಪಕ್ಕದ ಮನೆಯ ಹುಡುಗಿಗೆ ವೈರಲ್ ಜ್ವರ ಬಿಟ್ಟ ಮೇಲೆ ಸಕ್ಕರೆ ಕಾಯಿಲೆ ಎಂದರು. ವೈರಸ್‌ನಿಂದ ಬಂತೇ? ಬೇರೆ ಮಕ್ಕಳಿಗೂ ಅಂಟುತ್ತದೆಯೇ?
– ಓದುಗರು, ಚಿಕ್ಕಯ್ಯನಛತ್ರ

ಉತ್ತರ: ಖಂಡಿತ ಅಂಟುವುದಿಲ್ಲ. ಆ ಮಗುವಿನ ಜೊತೆ ನಿಮ್ಮ ಮಕ್ಕಳನ್ನು ಧಾರಾಳವಾಗಿ ಆಡಲು ಬಿಡಿ.

ಮಕ್ಕಳಿಗೆ ಸಾಮಾನ್ಯವಾಗಿ ಬರುವ ಸಕ್ಕರೆ ಕಾಯಿಲೆಯಾದ ಟೈಪ್ 1 ಮಧುಮೇಹದಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಕೊಲ್ಲುವುದು ನಮ್ಮದೇ ರೋಗನಿರೋಧಕ ಟಿ ಕೋಶಗಳು. ಕಾವಲು ನಾಯಿ ಮನೆಯವರನ್ನೇ ಕಚ್ಚಿದ ಹಾಗೆ. ವೈರಸ್ ಪಾತ್ರವೂ ಇರಬಹುದು. ಕಾಕ್ಸಾಕಿ ಬಿ ಎಂಬ ವೈರಸ್ ಮೇಲೆ ಬಲವಾದ ಅನುಮಾನವಿದೆ, ಏಕೆಂದರೆ ಅದು ಒಳಹೊಗಲು ಬಳಸುವ ಗ್ರಾಹಿ ಬೀಟಾ ಕೋಶಗಳಲ್ಲೂ ಇದೆ. ವಂಶವಾಹಿಯಲ್ಲೇ ಒಲವಿರುವ ಮಗುವಿನಲ್ಲಿ ಇಂಥ ಸೋಂಕು ದಾಳಿಗೆ ಕಿಡಿ ಹೊತ್ತಿಸಬಲ್ಲದು.

ಆದರೆ ಮೊನ್ನೆಯ ಜ್ವರವೇ ಕಾರಣ ಎನ್ನಲಾಗದು. ಬೆಂಗಳೂರಿನ ಡಾ. ಎಸ್.ಎಸ್. ಶ್ರೀಕಂಠ ಬಾಸ್ಟನ್ನಿನ ಜಾಸ್ಲಿನ್ ಮಧುಮೇಹ ಕೇಂದ್ರದಲ್ಲಿದ್ದಾಗ ಸಂಗಡಿಗರೊಂದಿಗೆ ತದ್ರೂಪಿ ಅವಳಿಗಳನ್ನು ಅಧ್ಯಯನ ಮಾಡಿ 1983ರಲ್ಲಿ ಪ್ರಕಟಿಸಿದರು. ಒಬ್ಬರಿಗೆ ಕಾಯಿಲೆ ಬಂದು ಇನ್ನೊಬ್ಬರು ಚೆನ್ನಾಗಿಯೇ ಇದ್ದು ಮುಂದೆ ಅವರಿಗೂ ಕಾಯಿಲೆ ಬಂದಾಗ, ಆ ಇನ್ನೊಬ್ಬರ ರಕ್ತದಲ್ಲಿ ಅದಕ್ಕೆ ವರ್ಷಗಳ ಮುಂಚೆಯೇ ಈ ದಾಳಿಯ ಗುರುತಾದ ಪ್ರತಿಕಾಯಗಳಿದ್ದವು. ಅಂದರೆ ನಾಶ ಸದ್ದಿಲ್ಲದೆ ನಡೆದಿರುತ್ತದೆ, ಜ್ವರದ ಒತ್ತಡ ಅದನ್ನು ಬಯಲಿಗೆಳೆಯುತ್ತದೆ, ಅಷ್ಟೆ. ಹೆತ್ತವರ ತಪ್ಪಂತೂ ಇದರಲ್ಲಿ ಏನೂ ಇಲ್ಲ.

ಮಗು ಪದೇಪದೇ ನೀರು ಕೇಳಿದರೆ, ಬಿಟ್ಟಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ, ಸೊರಗಿದರೆ ಅಂದೇ ಸಕ್ಕರೆ ಪರೀಕ್ಷೆ ಮಾಡಿಸಿ. ನಾಟಿ ಔಷಧಿ ನಂಬಿ ಇನ್ಸುಲಿನ್ ನಿಲ್ಲಿಸಬೇಡಿರೆಂದು ಆ ಮನೆಯವರಿಗೆ ದಯವಿಟ್ಟು ಹೇಳಿ.