ಹಂಗಾಮಿಗೊಂದು ಆಪತ್ತು: ನಮ್ಮ ಮಕ್ಕಳು ತುರ್ತು ಚಿಕಿತ್ಸೆಗೆ ಬರುವುದು ಯಾವಾಗ?

ಅಣ್ಣಿಗೇರಿ, ನವಲಗುಂದದ ಎರೆಹೊಲಗಳಲ್ಲಿ ಕಡಲೆ ಕೀಳುವಾಗ, ಕುಂದಗೋಳದ ಮನೆಗಳಲ್ಲಿ ಶೇಂಗಾ ಒಡೆಯುವಾಗ ಪಡಸಾಲೆ ತುಂಬ ಕಾಳು ಚೆಲ್ಲಿರುತ್ತದೆ. ಅಂಬೆಗಾಲಿನ ಕೂಸು ಒಂದನ್ನು ಹೆಕ್ಕಿ ಬಾಯಿಗಿಡುತ್ತದೆ. ಅಗಿಯಲು ದವಡೆ ಹಲ್ಲು ಬಂದಿರುವುದಿಲ್ಲ. ಅಳುತ್ತಲೋ ನಗುತ್ತಲೋ ಉಸಿರೆಳೆದರೆ ಕಾಳು ಇಡಿಯಾಗಿ ಶ್ವಾಸನಾಳಕ್ಕೆ ಇಳಿಯುತ್ತದೆ.

ಜೋರು ಕೆಮ್ಮು ಬರುತ್ತದೆ, ಮುಖ ಕೆಂಪಾಗುತ್ತದೆ, ಸ್ವಲ್ಪ ಹೊತ್ತಿಗೆ ಎಲ್ಲ ತಣ್ಣಗಾಗುತ್ತದೆ. 'ಹೋತ್ ಬಿಡು' ಎಂದು ಹಿರಿಯರು ನಿಟ್ಟುಸಿರು ಬಿಡುತ್ತಾರೆ. ಮೋಸ ಹೋಗುವುದು ಇಲ್ಲೇ. ಕಾಳು ಹೆಚ್ಚಾಗಿ ಬಲ ಶ್ವಾಸಕೋಶದ ಕವಲಿನಲ್ಲಿ ಕುಳಿತು ತೇವಕ್ಕೆ ಉಬ್ಬುತ್ತದೆ. ಕೆಲವು ದಿನಗಳಲ್ಲಿ ಜ್ವರ, ಕಫ; ನ್ಯುಮೋನಿಯಾ ಎಂದು ಔಷಧ ನಡೆಯುತ್ತದೆ. ಎಕ್ಸ್‌ರೇಯಲ್ಲಿ ಕಾಳು ನೇರವಾಗಿ ಕಾಣುವುದಿಲ್ಲ. 'ಶೇಂಗಾ ತಿನ್ನುವಾಗ ಕೆಮ್ಮಿತ್ತು' ಎಂಬ ಅವ್ವನ ಮಾತೇ ವೈದ್ಯರಿಗೆ ದೊಡ್ಡ ಸುಳಿವು. ಅದನ್ನು ಹೇಳಲು ಮರೆಯಬೇಡಿ, ಕೆಮ್ಮು ನಿಂತಿದ್ದರೂ ಹೇಳಿ.

ಕೆಮ್ಮುತ್ತಿರುವ ಮಗುವಿನ ಬಾಯಿಗೆ ಬೆರಳು ಹಾಕಬಾರದು, ಕೆಮ್ಮಲು ಬಿಡಬೇಕು. ಧ್ವನಿಯೇ ಹೊರಡದಿದ್ದರೆ ಅಥವಾ ಮೈ ನೀಲಿಗಟ್ಟಿದರೆ ಮಾತ್ರ ಕೈ ಹಚ್ಚಬೇಕು. ವರ್ಷದೊಳಗಿನ ಕೂಸನ್ನು ತಲೆ ಕೆಳಗಾಗಿ ಮುಂಗೈ ಮೇಲೆ ಬೋರಲು ಹಾಕಿ ಬೆನ್ನಿಗೆ 5 ಏಟು, ಮಗುಚಿ ಎದೆಯ ನಡುವೆ 5 ಒತ್ತು. ದೊಡ್ಡ ಮಗುವಾದರೆ ಬೆನ್ನಿಗೆ ಬಡಿದ ಮೇಲೆ ಹಿಂದಿನಿಂದ ಅಪ್ಪಿ, ಹೊಕ್ಕಳ ಮೇಲ್ಗಡೆ ಒಳಕ್ಕೂ ಮೇಲಕ್ಕೂ ಒತ್ತಬೇಕು.

ಮಳೆಗಾಲದ ಕತೆ ಬೇರೆ. ಕೆರೆ ನೀರು ಕುಡಿಯುವ ನವಲಗುಂದದ ಹಳ್ಳಿಗಳಲ್ಲಿ ವಾಂತಿಭೇದಿಯ ಭಯ. ಒಂದು ಲೀಟರ್ ಶುದ್ಧ ನೀರಿಗೆ ಒಂದು ದೊಡ್ಡ ಓಆರ್‌ಎಸ್ ಪೊಟ್ಟಣ ಕಲಸಿ ಕುಡಿಸುತ್ತಲೇ ದವಾಖಾನೆಗೆ ಹೊರಡಬೇಕು. ಕಲಘಟಗಿಯಂಥ ಸೆರಗು ಮಲೆನಾಡಿನಲ್ಲಿ ಹಾವಿನ ಭಯ. ಕಟ್ಟುಹಾವು ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಚ್ಚುತ್ತದೆ, ನೋವಿಲ್ಲ, ಬಾವಿಲ್ಲ. ಬೆಳಗಿನ ಜಾವ ಮಗು ಹೊಟ್ಟೆನೋವು ಎನ್ನುತ್ತದೆ, ರೆಪ್ಪೆ ಜೋಲುತ್ತದೆ. ಕಚ್ಚಿದ ಗುರುತು ಹುಡುಕುತ್ತ ಕೂರಬೇಡಿ.

ಮಕ್ಕಳ ತುರ್ತು ಚಿಕಿತ್ಸೆಗೆ ಬಹುತೇಕ ಕಡೆ ಸಂಜೆಯೇ ಜನ ಹೆಚ್ಚು. ನಮ್ಮ ಕಡೆಯಂತೂ ಅಪ್ಪ ಅವ್ವ ಹೊಲದಿಂದ ಬರುವುದು ಸಂಜೆಗೆ, ಜ್ವರ ಏರುವುದು ಸಂಜೆಗೆ, ಊರಿನ ಡಾಕ್ಟರು ಬಾಗಿಲು ಹಾಕುವುದೂ ಸಂಜೆಗೆ. 'ಮುಂಜಾನಿ ಮೊದಲ ಬಸ್ಸಿಗೆ ಹೋಗೂಣು' ಎನ್ನುವಷ್ಟರಲ್ಲಿ ಅಮೂಲ್ಯವಾದ ಹೊತ್ತು ಕಳೆದಿರುತ್ತದೆ. ಅಣ್ಣಿಗೇರಿಯವರಿಗೆ ಹುಬ್ಬಳ್ಳಿಗಿಂತ ಗದಗ ಹತ್ತಿರ. ಜಿಲ್ಲೆಯ ಗಡಿ ನೋಡದೆ ಅತ್ತ ಹೋಗುವುದೇ ಸರಿ.

ಉಸಿರಾಡುವಾಗ ಪಕ್ಕೆ ಒಳಸೇದುವುದು, ಎಬ್ಬಿಸಿದರೂ ಏಳದಿರುವುದು, ಫಿಟ್ಸ್, ಮೊಲೆ ಹಿಡಿಯದಿರುವುದು: ಇವುಗಳಲ್ಲಿ ಒಂದು ಕಂಡರೂ ಬೆಳಗಿಗೆ ಕಾಯಬೇಡಿ. 108 ಆಂಬುಲೆನ್ಸ್ ಕರ್ನಾಟಕದಲ್ಲಿ 2008ರ ನವೆಂಬರ್ 1ರಿಂದ ಓಡುತ್ತಿದೆ. ರಾತ್ರಿಯೂ ಬರುತ್ತದೆ, ಕಾಸು ಕೊಡಬೇಕಿಲ್ಲ.