ಸುಕ್ಕು ಅಳಿಸಬೇಕೆ, ಉಳಿಸಬೇಕೆ?

ನೆಗೆಟಿವ್‌ನಲ್ಲಿ ಎಲ್ಲವೂ ಉಲ್ಟಾ. ಫೋಟೊದಲ್ಲಿ ಕಪ್ಪಗೆ ಕಾಣುವ ಸುಕ್ಕು ಅಲ್ಲಿ ತಿಳಿ ಗೆರೆ. ಫಿಲಂ ಕಾಲದ ಸ್ಟುಡಿಯೊಗಳಲ್ಲಿ ಟಚಿಂಗ್ ಮಾಡುವವರು ಈ ಗುಟ್ಟನ್ನೇ ನೆಚ್ಚಿಕೊಂಡಿದ್ದರು. ಅಡಿಯಿಂದ ಬೆಳಕು ಬರುವ ಇಳಿಜಾರು ಹಲಗೆಯ ಮೇಲೆ ನೆಗೆಟಿವ್ ಇಟ್ಟು, ಪೆನ್ಸಿಲ್ ಗುರುತು ಹಿಡಿಯಲೆಂದು ಅದಕ್ಕೆ ತೆಳುವಾಗಿ ‘ಮೀಡಿಯಂ’ ಎಂಬ ದ್ರವ ಸವರುತ್ತಿದ್ದರು. ಉಪ್ಪುಕಾಗದದಲ್ಲಿ ಚೂಪಾಗಿ ಮಸೆದ ಪೆನ್ಸಿಲ್ ಮೊನೆಯಿಂದ ಆ ತಿಳಿ ಗೆರೆಯನ್ನು ಚುಕ್ಕೆ ಚುಕ್ಕೆಯಾಗಿ ತುಂಬಿದರೆ ಪ್ರಿಂಟಿನಲ್ಲಿ ಸುಕ್ಕು ಮಾಯ. ಕೈ ತುಸು ಹೆಚ್ಚಾದರೂ ಮುಖ ಮೇಣದ ಗೊಂಬೆಯಂತಾಗುತ್ತಿತ್ತು.

ಇನ್ನುಳಿದದ್ದು ಡಾರ್ಕ್‌ರೂಮಿನಲ್ಲಿ. ಎನ್‌ಲಾರ್ಜರ್ ಬೆಳಕಿಗೆ ತಂತಿಗಂಟಿಸಿದ ರಟ್ಟಿನ ಬಿಲ್ಲೆ ಅಡ್ಡ ಆಡಿಸಿ ಕಣ್ಣಿನ ಸುತ್ತ ತಿಳಿಯಾಗಿಸುವುದು ‘ಡಾಡ್ಜ್’. ಬೆರಳುಗಳ ಸಂದಿಯಿಂದ ಹಿನ್ನೆಲೆಗಷ್ಟೇ ಹೆಚ್ಚು ಬೆಳಕು ಬಿಟ್ಟು ಕಪ್ಪಾಗಿಸುವುದು ‘ಬರ್ನ್’. 1990ರಲ್ಲಿ ಮಾರುಕಟ್ಟೆಗೆ ಬಂದ ಫೋಟೊಶಾಪ್‌ ಈ ಹೆಸರುಗಳನ್ನೇ ಉಳಿಸಿಕೊಂಡಿತು. ಅದರ ಪರದೆಯ ಮೇಲೆ ಇಂದಿಗೂ ಕಾಣುವ ಚಿಹ್ನೆಗಳು ಅದೇ ಕಡ್ಡಿಯ ಬಿಲ್ಲೆ, ಅದೇ ಮಡಿಸಿದ ಕೈ.

ಕೋಲಾರದ ಟೊಮೆಟೊ ಮಂಡಿಯಲ್ಲಿ ಹಗಲೆಲ್ಲ ದುಡಿಯುವ ಅಜ್ಜಿಯೊಬ್ಬರ ಭಾವಚಿತ್ರ ಎಡಿಟಿಂಗ್‌ಗೆ ಬಂದಿದೆ ಎಂದುಕೊಳ್ಳಿ. ನುರಿತವರು ಮೊದಲು ಚೌಕಟ್ಟು ಬಿಗಿ ಮಾಡುತ್ತಾರೆ. ಬೆನ್ನ ಹಿಂದೆ ಕಣ್ಣು ಕುಕ್ಕುವ ಕ್ರೇಟುಗಳ ಬಣ್ಣ ತಗ್ಗಿಸುತ್ತಾರೆ. ಆಮೇಲೆ ಮೂಲ ಚಿತ್ರವನ್ನು ಮುಟ್ಟದೆ, ಬೇರೆ ಲೇಯರ್‌ನಲ್ಲಿ ಕೆನ್ನೆಯ ಉಬ್ಬುತಗ್ಗಿಗೆ ನೆರಳು-ಬೆಳಕು ತೀಡುತ್ತಾರೆ. ಸೊಳ್ಳೆ ಕಚ್ಚಿದ ಗುಳ್ಳೆಯನ್ನು ಅಳಿಸಬಹುದು, ಎರಡು ದಿನದಲ್ಲಿ ಅದು ತಾನೇ ಹೋಗುವಂಥದ್ದು. ಬಿಸಿಲುಂಡ ಬಣ್ಣ, ಹಣೆಯ ಗೆರೆ, ಕೈಮೇಲಿನ ಹಚ್ಚೆ ಅವರ ಬಾಳಿನ ಗಳಿಕೆ. ಅವನ್ನು ಮುಟ್ಟಬಾರದು. ಒಂದೇ ಒತ್ತಿಗೆ ಎಲ್ಲರನ್ನೂ ಬೆಳ್ಳಗಾಗಿಸುವ ಫೋನಿನ ಫಿಲ್ಟರುಗಳು ಈ ವಿವೇಚನೆಗೆ ಎಡೆಯನ್ನೇ ಕೊಡುವುದಿಲ್ಲ. ನಮ್ಮ ಸೀಮೆಯ ಮುಖಗಳಿಗೆ ಇದು ದೊಡ್ಡ ಅನ್ಯಾಯ.

ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರದು ಬೇರೆಯೇ ದಾರಿ. ಶಿಲ್ಪಕಲೆಯಿಂದ ಛಾಯಾಚಿತ್ರಕ್ಕೆ ಬಂದ ಅವರು, ಛಾಯಾಗ್ರಾಹಕಿ ಕ್ಲೇರ್ ಅರ್ನಿ ಜೊತೆಗೂಡಿ 2000ರಿಂದ 2004ರವರೆಗೆ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಸರಣಿ ರೂಪಿಸಿದರು. ರವಿವರ್ಮನ ಲಕ್ಷ್ಮಿ, ಬಿಜಾಪುರ ಶೈಲಿಯ ಕಿರುಚಿತ್ರದ ಯೋಗಿನಿ, ನೀಲಗಿರಿಯ ತೋಡ ಹೆಂಗಸು ಎಲ್ಲವೂ ಅವರೇ. ಬಣ್ಣ ಬಳಿದ ಪರದೆ, ಉಡುಗೆ, ಒಡವೆ, ಬೆಳಕು, ನಿಲುವು: ಮುಖ್ಯವಾದ ಬದಲಾವಣೆಗಳೆಲ್ಲ ಕ್ಯಾಮೆರಾ ಕ್ಲಿಕ್ಕಿಸುವ ಮೊದಲೇ ಆಗಿರುತ್ತವೆ.

ತೋಡ ಚಿತ್ರದಲ್ಲಿ ಅವರು ನಿಂತಿರುವುದು ಚೌಕಳಿ ಪರದೆಯ ಮುಂದೆ. ಜನರ ಮೈ ಅಳೆದು ‘ಜಾತಿ’ಗಳಾಗಿ ವಿಂಗಡಿಸಲು 19ನೇ ಶತಮಾನದ ಬ್ರಿಟಿಷರು ಬಳಸುತ್ತಿದ್ದ ಪರದೆಯ ಮಾದರಿ ಅದು. ಅದನ್ನು ಕಂಪ್ಯೂಟರಿನಲ್ಲಿ ಆಮೇಲೆ ಅಂಟಿಸಬಹುದಿತ್ತು. ಆದರೆ ಅಳತೆಗೋಲಿನ ಎದುರು ನಿಂತ ಮೈಯ ಬಿಗಿತವನ್ನು ಯಾವ ಲೇಯರ್‌ನಿಂದಲೂ ತರಲಾಗದು.