ವೀಸಾ ತಿರಸ್ಕೃತವಾಯಿತೇ? ಮೊದಲು ಪತ್ರ ಓದಿ, ದಿನ ಎಣಿಸಿ

ಪುಣೆ: ಹಿಂಜವಡಿ, ಖರಾಡಿ, ಮಗರಪಟ್ಟಾಗಳ ಐಟಿ ಕಂಪೆನಿಗಳಲ್ಲಿ ದುಡಿಯುವ ಕನ್ನಡಿಗ ಯುವಕ ಯುವತಿಯರ ಮನೆಗಳಲ್ಲಿ ಹೊರದೇಶದ ಕೆಲಸದ ಮಾತು ಹೊಸದೇನಲ್ಲ. ಕರಾವಳಿಯಿಂದ ಬಂದು ಹೊಟೇಲು ನಡೆಸಿ ಮಕ್ಕಳನ್ನು ಇಂಜಿನಿಯರ್ ಮಾಡಿದವರಿರಲಿ, ವಿಜಯಪುರ, ಬೆಳಗಾವಿ, ಕಲಬುರಗಿ ಕಡೆಯಿಂದ ನೌಕರಿಗೆಂದು ಬಂದು ನೆಲೆಸಿದವರಿರಲಿ, ಮಗನಿಗೋ ಮಗಳಿಗೋ ವಿದೇಶದಿಂದ ಕರೆ ಬಂತೆಂದರೆ ಆ ಸುದ್ದಿ ಸಂಘದ ಮುಂದಿನ ಕಾರ್ಯಕ್ರಮದ ಹೊತ್ತಿಗೆ ಎಲ್ಲರಿಗೂ ತಲುಪಿರುತ್ತದೆ.

ಆದರೆ ವೀಸಾ ತಿರಸ್ಕೃತವಾದ ಸುದ್ದಿ ಮಾತ್ರ ಮನೆಯ ಹೊಸ್ತಿಲು ದಾಟುವುದಿಲ್ಲ. ಅಷ್ಟು ಹೊತ್ತಿಗೆ ಇದ್ದ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿರುತ್ತದೆ, ಬಾಡಿಗೆ ಮನೆ ಬಿಡುವುದಾಗಿ ಮಾಲೀಕರಿಗೆ ಹೇಳಿಯಾಗಿರುತ್ತದೆ, ಕೆಲವೊಮ್ಮೆ ಮದುವೆಯ ದಿನವೂ ನಿಶ್ಚಯವಾಗಿರುತ್ತದೆ. 'ನಾಲ್ಕು ಜನರಿಗೆ ಗೊತ್ತಾದರೆ ಹೇಗೆ' ಎಂಬ ಸಂಕೋಚದಲ್ಲಿ ಮನೆಮಂದಿ ಸುಮ್ಮನಾಗುತ್ತಾರೆ. ಈ ಮೌನದ ಲಾಭ ಸಿಗುವುದು, 'ಅಪೀಲು ಹಾಕಿ ಗ್ಯಾರಂಟಿ ವೀಸಾ ಕೊಡಿಸುತ್ತೇವೆ' ಎಂದು ಹಣ ಕೇಳುವ ಏಜೆಂಟರಿಗೆ. ವಾಸ್ತವದಲ್ಲಿ ಕೆಲಸದ ವೀಸಾದ ಮೇಲ್ಮನವಿ ಎಲ್ಲ ದೇಶಗಳಲ್ಲೂ ಒಂದೇ ರೀತಿ ಇಲ್ಲ. ಇರುವಲ್ಲಿ ಅದಕ್ಕೆ ಗಡುವು ಇದೆ. ಆ ಗಡುವು ಸಂಕೋಚದಲ್ಲಿ ಕಳೆದುಹೋದರೆ ಮತ್ತೆ ಬರುವುದಿಲ್ಲ.

ತಿರಸ್ಕರಿಸಿದವರು ಯಾರು?

ಪುಣೆಯಲ್ಲೂ ಇರುವ ವೀಸಾ ಅರ್ಜಿ ಕೇಂದ್ರಗಳು ಕಾಗದಪತ್ರ, ಬೆರಳಚ್ಚು ಪಡೆದು ರವಾನಿಸುವ ಕೆಲಸವನ್ನಷ್ಟೇ ಮಾಡುತ್ತವೆ. ತೀರ್ಮಾನ ಆಯಾ ದೇಶದ ವೀಸಾ ಅಧಿಕಾರಿಗಳದ್ದು. ಕೌಂಟರಿನವರ ಬಳಿ ಜಗಳವಾಡಿ ಪ್ರಯೋಜನವಿಲ್ಲ. ಕೈಗೆ ಬಂದ ಪತ್ರದಲ್ಲಿ ಮೂರು ಸಂಗತಿಗಳನ್ನು ಹುಡುಕಬೇಕು: ಯಾವ ಕಾರಣ ಕೊಟ್ಟಿದ್ದಾರೆ, ಯಾವ ನಿಯಮದಡಿ ಕೊಟ್ಟಿದ್ದಾರೆ, ಮರುಪರಿಶೀಲನೆಗೆ ಅವಕಾಶವಿದೆಯೇ, ಇದ್ದರೆ ಎಷ್ಟು ದಿನ. ಪತ್ರ ತಲುಪಿದ ದಿನಾಂಕವನ್ನು ಅಂದೇ ಬರೆದಿಟ್ಟುಕೊಳ್ಳುವುದು ಮೊದಲ ಕೆಲಸ.

ಅಮೆರಿಕದ ಎರಡು ಬಾಗಿಲು

ಅಮೆರಿಕದ ಎಚ್-1ಬಿ ವಿಷಯದಲ್ಲಿ ಎರಡು ಹಂತಗಳಿವೆ ಎಂಬುದು ಅನೇಕ ತಂದೆತಾಯಿಯರಿಗೆ ತಿಳಿದಿರುವುದಿಲ್ಲ. ಮೊದಲನೆಯದು ಪೆಟಿಷನ್. ಇದನ್ನು ಅಮೆರಿಕದ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್ ಮುಂದೆ ಹಾಕುವುದು ಅಲ್ಲಿನ ಕಂಪೆನಿ. ಅದು ತಿರಸ್ಕೃತವಾದರೆ ಕಂಪೆನಿ ಐ-290ಬಿ ಎಂಬ ಫಾರಂ ಮೂಲಕ ಮೇಲ್ಮನವಿ ಸಲ್ಲಿಸಬಹುದು ಅಥವಾ ಮರುಪರಿಶೀಲನೆ ಕೇಳಬಹುದು. ಗಡುವು 30 ದಿನ; ಆದೇಶ ಅಂಚೆಯಲ್ಲಿ ಬಂದಿದ್ದರೆ 33 ದಿನ. ನೇರವಾಗಿ ಫೆಡರಲ್ ನ್ಯಾಯಾಲಯಕ್ಕೆ ಹೋಗುವ ದಾರಿಯೂ ಕಂಪೆನಿಗೆ ಇದೆ. ಪೆಟಿಷನ್ ಹಾಕಿದವರು ಕಂಪೆನಿಯವರಾದ್ದರಿಂದ ಮೇಲ್ಮನವಿಯ ಹಕ್ಕೂ ಅವರದೇ. ಪುಣೆಯಲ್ಲಿ ಕುಳಿತ ಉದ್ಯೋಗಿಯಾಗಲಿ, ಅವರ ಹೆಸರಿನಲ್ಲಿ ಏಜೆಂಟರಾಗಲಿ ಇದನ್ನು ಹಾಕಲಾಗುವುದಿಲ್ಲ. ಉದ್ಯೋಗಿ ಮಾಡಬೇಕಾದುದು ಕಂಪೆನಿಯ ವಲಸೆ ವಿಭಾಗಕ್ಕೆ ಕೂಡಲೇ ಬರೆದು, ತಿರಸ್ಕಾರದ ಆದೇಶದ ಪ್ರತಿ ಕೇಳುವುದು.

ಎರಡನೆಯ ಬಾಗಿಲು ಕಾನ್ಸುಲೇಟ್. ಪುಣೆಯವರು ಸಾಮಾನ್ಯವಾಗಿ ಮುಂಬಯಿಯ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ಗೆ ಸಂದರ್ಶನಕ್ಕೆ ಹೋಗುತ್ತಾರೆ. ಅಲ್ಲಿನ ಅಧಿಕಾರಿ ವೀಸಾ ನಿರಾಕರಿಸಿದರೆ ಅದರ ಮೇಲೆ ಔಪಚಾರಿಕ ಮೇಲ್ಮನವಿ ಎಂಬುದಿಲ್ಲ. ಕಾನ್ಸುಲರ್ ಅಧಿಕಾರಿಗಳ ತೀರ್ಮಾನದಲ್ಲಿ ನ್ಯಾಯಾಲಯಗಳು ಸಾಮಾನ್ಯವಾಗಿ ಕೈಹಾಕುವುದಿಲ್ಲ ಎಂಬ ತತ್ವವನ್ನು ಅಲ್ಲಿನ ಸುಪ್ರೀಂ ಕೋರ್ಟ್ 2024ರ ಜೂನ್‌ನಲ್ಲಿ, ಪತಿಯ ವೀಸಾ ನಿರಾಕರಣೆ ಪ್ರಶ್ನಿಸಿದ್ದ ಮಹಿಳೆಯೊಬ್ಬರ ಪ್ರಕರಣದಲ್ಲಿ ಮತ್ತೊಮ್ಮೆ ಎತ್ತಿಹಿಡಿಯಿತು.

ಆದರೆ ಸಂದರ್ಶನದ ನಂತರ ಕೈಗೆ ಬರುವ 221(ಜಿ) ಚೀಟಿ ನೋಡಿ ಎಲ್ಲ ಮುಗಿಯಿತೆಂದು ತಿಳಿಯಬೇಕಾಗಿಲ್ಲ. ಕಾಗದಪತ್ರ ಸಾಲದು ಅಥವಾ ಇನ್ನಷ್ಟು ಪರಿಶೀಲನೆ ಬೇಕು ಎಂಬುದು ಅದರ ಅರ್ಥ. ಕೇಳಿದ ದಾಖಲೆಗಳನ್ನು ಒಂದು ವರ್ಷದೊಳಗೆ ಒದಗಿಸಿದರೆ ಅದೇ ಅರ್ಜಿ ಮುಂದುವರಿಯುತ್ತದೆ, ಹೊಸ ಶುಲ್ಕ ಬೇಕಿಲ್ಲ. ಪೆಟಿಷನ್ ಬಗ್ಗೆಯೇ ಅಧಿಕಾರಿಗೆ ಸಂಶಯ ಬಂದರೆ ಕಡತ ಮರಳಿ ಯುಎಸ್‌ಸಿಐಎಸ್‌ಗೆ ಹೋಗುತ್ತದೆ. ಆಗ ಉತ್ತರ ಕೊಡಬೇಕಾದುದು ಮತ್ತೆ ಕಂಪೆನಿಯೇ.

ಬ್ರಿಟನ್‌ನಲ್ಲಿ 28 ದಿನ

ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾ ತಿರಸ್ಕೃತವಾದರೆ ಹಿಂದಿನಂತೆ ಟ್ರಿಬ್ಯುನಲ್ ಮುಂದೆ ಪೂರ್ಣ ಮೇಲ್ಮನವಿ ಇಲ್ಲ. ಅದರ ಬದಲು 'ಅಡ್ಮಿನಿಸ್ಟ್ರೇಟಿವ್ ರಿವ್ಯೂ' ಎಂಬ ಆಡಳಿತಾತ್ಮಕ ಮರುಪರಿಶೀಲನೆ ಇದೆ. ಭಾರತದಿಂದ ಅರ್ಜಿ ಹಾಕಿದವರಿಗೆ ತೀರ್ಮಾನ ತಲುಪಿದ ದಿನದಿಂದ 28 ದಿನಗಳ ಅವಕಾಶ, ಶುಲ್ಕ 80 ಪೌಂಡ್. ತಪ್ಪು ಅಧಿಕಾರಿಯದೆಂದು ಕಂಡುಬಂದು ತೀರ್ಮಾನ ಬದಲಾದರೆ ಶುಲ್ಕ ಮರಳುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಕೊಟ್ಟ ದಾಖಲೆಯನ್ನು ಅಧಿಕಾರಿ ನೋಡದೆ ಬಿಟ್ಟಿದ್ದರೆ, ಸಂಬಳದ ಲೆಕ್ಕ ತಪ್ಪಾಗಿ ಹಾಕಿದ್ದರೆ ಮರುಪರಿಶೀಲನೆ ಸರಿಯಾದ ದಾರಿ. ನಾವೇ ಬ್ಯಾಂಕ್ ಸ್ಟೇಟ್‌ಮೆಂಟನ್ನೋ ಇಂಗ್ಲಿಷ್ ಪರೀಕ್ಷೆಯ ಪ್ರಮಾಣಪತ್ರವನ್ನೋ ಕೊಡಲು ಮರೆತಿದ್ದರೆ ಅದನ್ನು ಈಗ ಸೇರಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಆಗ ಹೊಸ ಅರ್ಜಿಯೇ ಲೇಸು. ಎರಡನ್ನೂ ಒಟ್ಟಿಗೆ ಮಾಡಲು ಹೋಗಬಾರದು. ಮರುಪರಿಶೀಲನೆ ಬಾಕಿ ಇರುವಾಗ ಹೊಸ ಅರ್ಜಿ ಹಾಕಿದರೆ ಮೊದಲಿನದು ರದ್ದಾಗುತ್ತದೆ.

ಜರ್ಮನಿ, ಕೆನಡಾ

ಜರ್ಮನ್ ಕಂಪೆನಿಗಳೂ ಜರ್ಮನ್ ಭಾಷಾ ತರಗತಿಗಳೂ ಸಾಕಷ್ಟಿರುವ ಪುಣೆಯಿಂದ ಆ ದೇಶಕ್ಕೆ ಹೋಗಬಯಸುವವರು ಬಹಳ. ಭಾರತದ ಕುಶಲ ಕೆಲಸಗಾರರಿಗೆ ಕೊಡುವ ವೀಸಾಗಳ ಸಂಖ್ಯೆಯನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಜರ್ಮನಿ 2024ರ ಅಕ್ಟೋಬರ್‌ನಲ್ಲಿ ಹೇಳಿತ್ತು. ವೀಸಾ ಸಿಗದಿದ್ದಾಗ ರಾಯಭಾರ ಕಚೇರಿಗೇ ಉಚಿತವಾಗಿ ಆಕ್ಷೇಪ ಪತ್ರ ಬರೆಯುವ 'ರೆಮಾನ್‌ಸ್ಟ್ರೇಷನ್' ಪದ್ಧತಿ ಹಿಂದೆ ಇತ್ತು. 2025ರ ಜುಲೈ 1ರಿಂದ ಅದನ್ನು ಎಲ್ಲ ದೇಶಗಳಲ್ಲೂ ನಿಲ್ಲಿಸಲಾಗಿದೆ. ಹಳೆಯ ಮಾಹಿತಿ ನಂಬಿ ಯಾರಾದರೂ ಆ ಪತ್ರ ಬರೆದುಕೊಡುತ್ತೇವೆಂದು ಹಣ ಕೇಳಿದರೆ ಎಚ್ಚರ ವಹಿಸಬೇಕು. ಈಗ ಉಳಿದಿರುವುದು ಹೊಸ ಅರ್ಜಿ, ಇಲ್ಲವೇ ಜರ್ಮನಿಯ ಆಡಳಿತ ನ್ಯಾಯಾಲಯ.

ಕೆನಡಾದ ವರ್ಕ್ ಪರ್ಮಿಟ್ ತಿರಸ್ಕೃತವಾದರೂ ಸಾಮಾನ್ಯ ಮೇಲ್ಮನವಿ ಇಲ್ಲ. ಫೆಡರಲ್ ಕೋರ್ಟಿನಲ್ಲಿ ನ್ಯಾಯಿಕ ಪರಿಶೀಲನೆಗೆ ಮೊದಲು ಅನುಮತಿ ಕೇಳಬೇಕು. ಕೆನಡಾದ ಹೊರಗೆ ಆದ ತೀರ್ಮಾನಕ್ಕೆ 60 ದಿನ, ಒಳಗೆ ಆದುದಕ್ಕೆ 15 ದಿನಗಳ ಗಡುವು. ಗೆದ್ದರೂ ನ್ಯಾಯಾಲಯ ವೀಸಾ ಕೊಡುವುದಿಲ್ಲ, ಬೇರೊಬ್ಬ ಅಧಿಕಾರಿ ಮತ್ತೆ ನೋಡಲಿ ಎಂದು ಕಳುಹಿಸುತ್ತದೆ. ವಕೀಲರ ಖರ್ಚು ತೂಗಿ ನೋಡಿಯೇ ಮುಂದುವರಿಯಬೇಕು.

ಮುಚ್ಚಿಟ್ಟರೆ ಬಲು ದುಬಾರಿ

ಮುಂದಿನ ಅರ್ಜಿಯಲ್ಲಿ 'ಹಿಂದೆ ಯಾವುದಾದರೂ ದೇಶ ವೀಸಾ ನಿರಾಕರಿಸಿದೆಯೇ?' ಎಂಬ ಪ್ರಶ್ನೆ ಇದ್ದೇ ಇರುತ್ತದೆ. 'ಇಲ್ಲ ಎಂದು ಬರೆಯಿರಿ, ಯಾರಿಗೆ ಗೊತ್ತಾಗುತ್ತದೆ' ಎನ್ನುವ ಸಲಹೆಗಾರರಿಂದ ದೂರವಿರಬೇಕು. ಒಂದು ತಿರಸ್ಕಾರ ಕಲಂಕವಲ್ಲ. ಸರಿಯಾದ ದಾಖಲೆಯೊಂದಿಗೆ ಮತ್ತೆ ಅರ್ಜಿ ಹಾಕಿ ವೀಸಾ ಪಡೆಯಲು ಅವಕಾಶವಿದೆ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಮಾತ್ರ ಕೆನಡಾದಲ್ಲಿ 5 ವರ್ಷ, ಬ್ರಿಟನ್ನಿನಲ್ಲಿ 10 ವರ್ಷಗಳವರೆಗೆ ಬಾಗಿಲು ಮುಚ್ಚಬಹುದು. ಅಮೆರಿಕದಲ್ಲಂತೂ ಅದು ಜೀವನಪರ್ಯಂತದ ಅನರ್ಹತೆಯಾಗಬಹುದು. ಏಜೆಂಟರು ಲಗತ್ತಿಸಿದ ನಕಲಿ ಅನುಭವ ಪತ್ರಕ್ಕೂ ಹೊಣೆ ಸಹಿ ಹಾಕಿದವರದೇ. ವಿದೇಶದಲ್ಲಿ ಕೆಲಸ ಕೊಡಿಸುತ್ತೇವೆ ಎನ್ನುವ ಏಜೆಂಟರಿಗೆ ಸರ್ಕಾರದ ನೋಂದಣಿ ಇದೆಯೇ ಎಂಬುದನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ನೋಡಿಕೊಳ್ಳಬಹುದು.

ಒಗ್ಗಟ್ಟಾಗಿ ಹೋದವರು ಗೆದ್ದರು

ತಪ್ಪು ಒಬ್ಬ ಅಧಿಕಾರಿಯದಾಗಿರದೆ ನಿಯಮದ್ದೇ ಆಗಿದ್ದರೆ ಒಂಟಿ ಮೇಲ್ಮನವಿ ಹೆಚ್ಚು ದೂರ ಸಾಗದು. ಇದಕ್ಕೆ ಬ್ರಿಟನ್ನಿನ ಒಂದು ಉದಾಹರಣೆ ಇಂದಿಗೂ ನೆನೆಯುವಂಥದು. ಉನ್ನತ ಕೌಶಲದ ವಲಸಿಗರಿಗಾಗಿ 2002ರಲ್ಲಿ ಆರಂಭವಾದ ಎಚ್‌ಎಸ್‌ಎಂಪಿ ಯೋಜನೆಯಡಿ ಭಾರತದಿಂದಲೂ ಬಹಳ ಮಂದಿ ಇಲ್ಲಿನ ಕೆಲಸ ಬಿಟ್ಟು ಸಂಸಾರ ಸಮೇತ ಹೋಗಿ ನೆಲೆಸಿದ್ದರು. 2006ರ ನವೆಂಬರ್‌ನಲ್ಲಿ ಸರ್ಕಾರ ಅಂಕಗಳ ನಿಯಮ ಬದಲಿಸಿ, ಆಗಲೇ ಬಂದು ನೆಲೆಸಿದವರಿಗೂ ಅದನ್ನೇ ಅನ್ವಯಿಸಿತು. ವೀಸಾ ವಿಸ್ತರಣೆ ಸಿಗದೆ ಮರಳಬೇಕಾದ ಸ್ಥಿತಿ ಅನೇಕರಿಗೆ ಬಂತು. ಅವರೆಲ್ಲ ಎಚ್‌ಎಸ್‌ಎಂಪಿ ಫೋರಂ ಎಂಬ ಸಂಘಟನೆಯಡಿ ಸೇರಿ ಲಂಡನ್ನಿನ ಹೈಕೋರ್ಟಿಗೆ ಹೋದರು. ಬಂದು ನೆಲೆಸಿದವರಿಗೆ ಹೊಸ ನಿಯಮ ಹೇರುವುದು ಕಾನೂನುಬಾಹಿರ ಎಂದು 2008ರ ಏಪ್ರಿಲ್ 8ರಂದು ತೀರ್ಪು ಬಂತು. ಅದೇ ತಿಂಗಳ 30ರಂದು ಭಾರತೀಯ ಮೂಲದ ವೈದ್ಯರ ಸಂಘಟನೆ ಬಾಪಿಯೋ ಕೂಡ, ವಿದೇಶಿ ವೈದ್ಯರ ತರಬೇತಿ ಹುದ್ದೆಗಳಿಗೆ ಅಡ್ಡಿಯಾಗಿದ್ದ ಸರ್ಕಾರಿ ಮಾರ್ಗಸೂಚಿಯ ವಿರುದ್ಧ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಜಯ ಪಡೆಯಿತು.

ಅಮೆರಿಕದಲ್ಲೂ ಹೀಗೆಯೇ ಆಯಿತು. ಹೊಸ ಎಚ್-1ಬಿ ಪೆಟಿಷನ್‌ಗಳ ತಿರಸ್ಕಾರ ಪ್ರಮಾಣ 2015ರ ಹಣಕಾಸು ವರ್ಷದಲ್ಲಿ ಶೇ. 6 ಇದ್ದುದು 2018ರಲ್ಲಿ ಶೇ. 24ಕ್ಕೆ ಏರಿತ್ತು. ಬೇರೆ ಕಂಪೆನಿಯ ಕಚೇರಿಯಲ್ಲಿ ಕುಳಿತು ಕೆಲಸ ಮಾಡುವ ಐಟಿ ನೌಕರರಿಗೆ ಹೆಚ್ಚಿನ ದಾಖಲೆ ಕೇಳುವ ಸುತ್ತೋಲೆಯೂ ಆ ವರ್ಷ ಬಂದಿತ್ತು. ಐಟಿ ಕಂಪೆನಿಗಳ ಸಂಘಟನೆ ಐಟಿಸರ್ವ್ ಅಲಯನ್ಸ್ ಮೊಕದ್ದಮೆ ಹೂಡಿ 2020ರ ಮಾರ್ಚ್‌ನಲ್ಲಿ ಗೆದ್ದಿತು. ಜೂನ್‌ನಲ್ಲಿ ಸುತ್ತೋಲೆ ವಾಪಸಾಯಿತು. 2022ರ ಹೊತ್ತಿಗೆ ತಿರಸ್ಕಾರ ಶೇ. 2ಕ್ಕೆ ಇಳಿದಿತ್ತು.

ಸಂಘಗಳು ಮಾಡಬಹುದಾದುದು

ಪುಣೆಯ ಕನ್ನಡಪರ ಸಂಘ ಸಂಸ್ಥೆಗಳು ವಿದ್ಯಾರ್ಥಿವೇತನ, ವೈದ್ಯಕೀಯ ಶಿಬಿರ, ವಧೂವರರ ಸಮಾವೇಶಗಳಂಥ ಕೆಲಸಗಳಲ್ಲಿ ಹಿಂದೆ ಬಿದ್ದವಲ್ಲ. ವೀಸಾ ಸಂಕಟಕ್ಕೂ ಇಂಥದೊಂದು ಸಣ್ಣ ವ್ಯವಸ್ಥೆ ಕಷ್ಟವಲ್ಲ. ಸದಸ್ಯರಲ್ಲೇ ವಕೀಲರಿದ್ದಾರೆ, ವಿದೇಶದಲ್ಲಿ ದುಡಿದು ಮರಳಿದವರಿದ್ದಾರೆ, ಕಂಪೆನಿಗಳ ಮಾನವ ಸಂಪನ್ಮೂಲ ವಿಭಾಗದಲ್ಲಿರುವವರಿದ್ದಾರೆ. ತಿಂಗಳಿಗೊಮ್ಮೆ ಎರಡು ಗಂಟೆ ಅವರು ಕುಳಿತು, ಬಂದವರ ತಿರಸ್ಕಾರ ಪತ್ರ ಓದಿ, 'ಇದು ಮರುಪರಿಶೀಲನೆಗೆ, ಇದು ಹೊಸ ಅರ್ಜಿಗೆ, ಇದಕ್ಕೆ ಆ ದೇಶದ ಪರವಾನಗಿ ಇರುವ ವಕೀಲರೇ ಬೇಕು' ಎಂದು ಹೇಳಿದರೂ ಎಷ್ಟೋ ಮನೆಗಳ ಲಕ್ಷಗಟ್ಟಲೆ ಹಣ ಉಳಿದೀತು.

ಅದಕ್ಕೆ ಮೊದಲು ಮನೆಯವರು ಬಾಯಿ ಬಿಡಬೇಕು. ಮಗಳ ವೀಸಾ ಬಂದುದನ್ನು ಹೇಳಿಕೊಳ್ಳುವ ನಾವು, ಬಾರದಿದ್ದಾಗಲೂ ನಂಬಿಕೆಯ ಒಬ್ಬರಲ್ಲಾದರೂ ಹೇಳಿಕೊಳ್ಳುವುದನ್ನು ಕಲಿಯಬೇಕಾಗಿದೆ. 28 ದಿನಗಳ ಗಡುವಿನಲ್ಲಿ 20 ದಿನ ಸಂಕೋಚದಲ್ಲೇ ಕಳೆದರೆ, ಉಳಿದ 8 ದಿನಗಳಲ್ಲಿ ಎಂಥ ವಕೀಲರಾದರೂ ಮಾಡಬಹುದಾದುದು ಸ್ವಲ್ಪವೇ.